ಅಂಗಡಿ ಕಟ್ಟೆಯಿಂದ ಕೋರ್ಟು ಕಟ್ಟೆಗೆ: ಅಬ್ರಹಾಂ ಲಿಂಕನ್

ಅಬ್ರಹಾಂ ಲಿಂಕನ್ ಹೆಸರು ಕೇಳದ ವಿದ್ಯಾರ್ಥಿ ನಮ್ಮ ನಾಡಿನ ಯಾವ ಪ್ರೌಢಶಾಲೆಯಲ್ಲೂ ಸಿಗಲಾರ. ಮರದ ದಿಮ್ಮಿಗಳ ಗುಡಿಸಲಲ್ಲಿ ಹುಟ್ಟಿ, ಅಮೆರಿಕದ 16ನೆಯ ಅಧ್ಯಕ್ಷರಾಗಿ, ಗುಲಾಮಗಿರಿಯನ್ನು ಕೊನೆಗಾಣಿಸಿದ ಮಹಾಪುರುಷರೆಂದು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಮಗನ ಮೇಷ್ಟ್ರಿಗೆ ಲಿಂಕನ್ ಬರೆದದ್ದೆಂದು ಹೇಳುವ ಒಂದು ಪತ್ರ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ಅದರಲ್ಲಿರುವ ಮಾತುಗಳು ಒಳ್ಳೆಯವೇ. ಆದರೆ ಅದನ್ನು ಲಿಂಕನ್ ಬರೆದರೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಅವರು ನಿಜವಾಗಿ ಬದುಕಿದ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪಾಠಗಳಿವೆ.

ನಾನು ಈ ಶಾಲೆಯಲ್ಲಿ ಕಲಿತು, ಮೂವತ್ತು ವರ್ಷಗಳಿಂದ ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿರುವವನು. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಅಧ್ಯಕ್ಷ ಲಿಂಕನ್‌ಗಿಂತ ಮೊದಲು ನೆನಪಾದವರು ಹಳ್ಳಿಯ ಲಿಂಕನ್. ಅಧ್ಯಕ್ಷರಾಗುವ ಮೊದಲು ಅವರು ಸುಮಾರು ಮೂವತ್ತು ವರ್ಷ ಅಂಗಡಿ, ಅಂಚೆ, ಜಮೀನಿನ ಅಳತೆ ಮತ್ತು ಕೋರ್ಟಿನ ಕೆಲಸದಲ್ಲಿದ್ದರು. ಅಲ್ಲಿನ ರೈತರ ಸಾಲ, ಬದು, ದನಕರು, ಬಾಯಿಜಗಳಗಳನ್ನು ಹತ್ತಿರದಿಂದ ಕಂಡರು. ಅವರ ದೊಡ್ಡತನ ಬೆಳೆದದ್ದು ಈ ಸಣ್ಣ ಸಂಗತಿಗಳಲ್ಲೇ ಎಂಬುದು ನನ್ನ ನಂಬಿಕೆ.

ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿ ರಾಜ್ಯದ ಹಾರ್ಡಿನ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನ ಹಾಗೆ ಒಂದು ಆಡಳಿತದ ಭಾಗ. ಅದಕ್ಕೊಂದು ಕೋರ್ಟು, ಒಂದು ದಾಖಲೆ ಕಚೇರಿ ಇರುತ್ತದೆ. ತಂದೆ ಥಾಮಸ್ ಲಿಂಕನ್ ರೈತ, ಜೊತೆಗೆ ಬಡಗಿ. ಕೆಂಟಕಿಯಲ್ಲಿ ಆಗ ಸರ್ಕಾರದಿಂದ ಸರಿಯಾದ ಸರ್ವೆ ಆಗಿರಲಿಲ್ಲ. ಇಂಥ ಮರದಿಂದ ಆ ಬಂಡೆಗೆ, ಬಂಡೆಯಿಂದ ಹಳ್ಳಕ್ಕೆ ಎಂದು ಚೆಕ್ಕುಬಂದಿ ಬರೆಯುತ್ತಿದ್ದರು. ಮರ ಬಿದ್ದರೆ, ಹಳ್ಳ ತಿರುಗಿದರೆ ಗಡಿಯೂ ಹೋಯಿತು. ಒಂದೇ ಜಮೀನಿಗೆ ಇಬ್ಬರು ಮೂವರು ಹಕ್ಕುದಾರರು. ಥಾಮಸ್ ಅಲ್ಲಿ ಕೊಂಡ ಮೂರು ಜಮೀನುಗಳಲ್ಲೂ ಹಕ್ಕಿನ ತಕರಾರು ಬಂತು. ದುಡ್ಡು ಕೊಟ್ಟು ಕೊಂಡು, ಬೆವರು ಸುರಿಸಿ ಉತ್ತ ನೆಲ ಕಾಗದದ ದೋಷದಿಂದ ಕೈತಪ್ಪುವುದೆಂದರೆ ಏನೆಂದು ನಮ್ಮ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೊನೆಗೆ 1816ರಲ್ಲಿ ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಇಂಡಿಯಾನಾಕ್ಕೆ ಹೊರಟರು. ಅಲ್ಲಿ ಸರ್ಕಾರವೇ ನೆಲವನ್ನು ಚೌಕ ಚೌಕವಾಗಿ ಅಳೆದು ಮಾರುತ್ತಿತ್ತು. ಕೆಂಟಕಿಯಲ್ಲಿದ್ದ ಗುಲಾಮಗಿರಿಯೂ ಊರು ಬಿಡಲು ಒಂದು ಕಾರಣ, ಆದರೆ ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಂದರೆಯೇ ಎಂದು ಲಿಂಕನ್ ಮುಂದೆ ತಾವೇ ಬರೆದಿದ್ದಾರೆ.

ಇಂಡಿಯಾನಾದಲ್ಲಿ ಕಾಡು ಕಡಿದು ಹೊಲ ಮಾಡಬೇಕಿತ್ತು. ಬಾಲಕ ಅಬ್ರಹಾಂ ಕೈಗೆ ಬಂದದ್ದು ಕೊಡಲಿ. ಒಂಬತ್ತು ವರ್ಷದವನಿದ್ದಾಗ ತಾಯಿ ನ್ಯಾನ್ಸಿ ತೀರಿಕೊಂಡರು. ಕಾಡಿನ ಒಂದು ವಿಷದ ಗಿಡವನ್ನು ಹಸು ಮೇದರೆ ಹಾಲಿಗೆ ವಿಷ ಇಳಿಯುತ್ತಿತ್ತು. ಹಾಲು ಕುಡಿದವರು ಸಾಯುತ್ತಿದ್ದರು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಮರುವರ್ಷ ಬಂದ ಮಲತಾಯಿ ಸಾರಾ ಮಕ್ಕಳನ್ನು ಹೆತ್ತ ಮಕ್ಕಳಂತೆ ನೋಡಿಕೊಂಡರು, ಹುಡುಗನ ಓದಿನ ಹುಚ್ಚಿಗೆ ಅಡ್ಡಿ ಮಾಡಲಿಲ್ಲ. ಅವನು ಶಾಲೆಗೆ ಹೋದದ್ದು ಎಲ್ಲ ಸೇರಿಸಿದರೂ ಒಂದು ವರ್ಷವಾಗದು. ಬಿಡುವಿನಲ್ಲಿ ತಂದೆ ಅವನನ್ನು ನೆರೆಯವರ ಹೊಲಕ್ಕೆ ಕೂಲಿಗೆ ಕಳಿಸುತ್ತಿದ್ದರು. ಕೂಲಿ ಹಣ ತಂದೆಯ ಕೈಗೆ ಹೋಗುತ್ತಿತ್ತು. 21 ತುಂಬುವವರೆಗೆ ಮಗನ ದುಡಿಮೆ ತಂದೆಗೇ ಸೇರಿದ್ದು ಎಂಬುದು ಅಂದಿನ ಕಾನೂನು.

1830ರಲ್ಲಿ ಕುಟುಂಬ ಇಲಿನಾಯ್ ರಾಜ್ಯಕ್ಕೆ ಬಂತು. ದನ, ಹಂದಿಗಳನ್ನು ಅಲ್ಲಿ ಮೇಯಲು ಬಿಟ್ಟುಬಿಡುತ್ತಿದ್ದರು. ಬೇಲಿ ಹಾಕಬೇಕಾದವನು ದನ ಸಾಕಿದವನಲ್ಲ, ಬೆಳೆ ಇಟ್ಟವನು. ಹಾಗಾಗಿ ಮರ ಸೀಳಿ ಬೇಲಿಯ ಗಳು ಮಾಡುವುದು ದೊಡ್ಡ ಕೆಲಸ. ಲಿಂಕನ್ ಮತ್ತು ಮನೆಯವರು ಹತ್ತು ಎಕರೆಗೆ ಸಾಲುವಷ್ಟು ಗಳು ಸೀಳಿದರು. ಯಾರ ಹಂದಿ ಯಾವುದೆಂದು ಗುರುತಿಸಲು ಕಿವಿಯಲ್ಲಿ ಕಚ್ಚು ಹಾಕಿ, ಆ ಗುರುತನ್ನು ಕೌಂಟಿ ಕಚೇರಿಯಲ್ಲಿ ಬರೆಸುತ್ತಿದ್ದರು. ಇಷ್ಟಾದ ಮೇಲೂ ಹಂದಿಯ ಜಗಳಗಳು ಕೋರ್ಟಿಗೆ ಬರುತ್ತಲೇ ಇದ್ದವು.

1831ರಲ್ಲಿ ಲಿಂಕನ್ ಒಬ್ಬ ವ್ಯಾಪಾರಿಯ ಸರಕನ್ನು ಚಪ್ಪಟೆ ದೋಣಿಯಲ್ಲಿ ನ್ಯೂ ಆರ್ಲಿಯನ್ಸ್‌ಗೆ ಸಾಗಿಸುವ ಕೆಲಸ ಹಿಡಿದರು. ಸ್ಯಾಂಗಮನ್ ನದಿಯಲ್ಲಿ ನ್ಯೂ ಸೇಲಂ ಎಂಬ ಹಳ್ಳಿಯ ಗಿರಣಿ ಒಡ್ಡಿಗೆ ದೋಣಿ ಸಿಕ್ಕಿಕೊಂಡಿತು. ಪ್ರಯಾಣ ಮುಗಿಸಿ ಬಂದ ಮೇಲೆ ಅದೇ ಹಳ್ಳಿಯಲ್ಲಿ, ಅದೇ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತರಾದರು. ಇಪ್ಪತ್ತು ಇಪ್ಪತ್ತೈದು ಕುಟುಂಬಗಳ ಪುಟ್ಟ ಊರು. ಸುತ್ತಲಿನ ರೈತರು ಗಿರಣಿಗೆ, ಕಮ್ಮಾರನಲ್ಲಿಗೆ, ಅಂಗಡಿಗೆ ಬರುತ್ತಿದ್ದರು. ಕೈಯಲ್ಲಿ ಕಾಸು ಅಪರೂಪ. ಬೆಣ್ಣೆ, ಮೊಟ್ಟೆ, ಜೇನುಮೇಣ, ಚರ್ಮ ಕೊಟ್ಟು ಉಪ್ಪು, ಸಕ್ಕರೆ, ಕಾಫಿ, ಬಟ್ಟೆ ಒಯ್ಯುತ್ತಿದ್ದರು. ಉಳಿದದ್ದು ಲೆಕ್ಕದ ಪುಸ್ತಕದಲ್ಲಿ ಸಾಲ.

ಆ ಅಂಗಡಿ ವರ್ಷ ತುಂಬುವುದರೊಳಗೆ ಮುಳುಗಿತು. 1832ರಲ್ಲಿ ಲಿಂಕನ್ ಶಾಸನಸಭೆಗೆ ನಿಂತು ಸೋತರು. ಆದರೆ ತಮ್ಮೂರಿನ ಮತಗಟ್ಟೆಯಲ್ಲಿ 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. ಅದಾದ ಮೇಲೆ ವಿಲಿಯಂ ಬೆರ್ರಿ ಎಂಬವರ ಜೊತೆ ಪಾಲಿನಲ್ಲಿ ಅಂಗಡಿ ಮಾಡಿದರು. ಸರಕಿಗೆ ಕೊಟ್ಟದ್ದು ನಗದಲ್ಲ, ಸಾಲಪತ್ರ. ಅಂದಿನ ಸಾಲಪತ್ರ ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು. ಇಂದು ಪರಿಚಿತನ ಕೈಯಲ್ಲಿದ್ದದ್ದು ನಾಳೆ ಮುಖ ನೋಡದವನ ಕೈಗೆ. ಅಂಗಡಿ ನಡೆಯಲಿಲ್ಲ. 1835ರಲ್ಲಿ ಬೆರ್ರಿ ತೀರಿಕೊಂಡರು. ಪಾಲುದಾರರ ಸಾಲವೂ ಲಿಂಕನ್ ತಲೆಗೆ ಬಂತು. ಒಟ್ಟು ಸುಮಾರು 1100 ಡಾಲರ್. ಅಂದಿನ ಹಳ್ಳಿಯವನಿಗೆ ಅದು ಬೆಟ್ಟದಂಥ ಮೊತ್ತ.

ಅಂಥ ಹೊತ್ತಿನಲ್ಲಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೋಗಿಬಿಡುವುದು ಅಲ್ಲಿ ಹೊಸತಲ್ಲ. ಲಿಂಕನ್ ಹೋಗಲಿಲ್ಲ. ಒಬ್ಬ ಸಾಲಗಾರ ಡಿಕ್ರಿ ತಂದಾಗ ಅವರ ಕುದುರೆ, ಜೀನು, ಅಳತೆಯ ಸಲಕರಣೆ ಎಲ್ಲ ಹರಾಜಿಗೆ ಹೋದವು. ಆಗ ಜೇಮ್ಸ್ ಶಾರ್ಟ್ ಎಂಬ ರೈತ ಹರಾಜಿನಲ್ಲಿ ಕೂಗಿ ಅವನ್ನು ಕೊಂಡು, ತಂದು ಲಿಂಕನ್ ಕೈಗೇ ಕೊಟ್ಟರು. ಆ ಋಣವನ್ನೂ ಲಿಂಕನ್ ತೀರಿಸಿದರು. ಉಳಿದ ಸಾಲ ತೀರಲು ಹಲವು ವರ್ಷ ಹಿಡಿಯಿತು. ಗಿರಾಕಿಯಿಂದ ಹೆಚ್ಚು ಪಡೆದ ಚಿಲ್ಲರೆಯನ್ನು ಮೈಲುಗಟ್ಟಲೆ ನಡೆದು ಹಿಂದಿರುಗಿಸಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ನನ್ನ ಮಟ್ಟಿಗೆ, ಸತ್ತ ಪಾಲುದಾರರ ಸಾಲವನ್ನೂ ಹೊತ್ತು, ಊರು ಬಿಡದೆ ತೀರಿಸಿದ್ದು ಅದಕ್ಕಿಂತ ದೊಡ್ಡ ಕಥೆ.

ಸಾಲದ ನಡುವೆ ಅನ್ನ ಕೊಟ್ಟದ್ದು ಎರಡು ಕೆಲಸ. 1833ರಲ್ಲಿ ಅವರು ನ್ಯೂ ಸೇಲಂನ ಪೋಸ್ಟ್ ಮಾಸ್ಟರ್ ಆದರು. ಆಗ ಅಂಚೆಯ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆದವನೇ ಕೊಡಬೇಕಿತ್ತು. ಸಂಬಳ ಕಡಿಮೆ, ಆದರೆ ಊರಿಗೆ ಬರುವ ಪತ್ರಿಕೆಗಳೆಲ್ಲ ಮೊದಲು ಅವರ ಕಣ್ಣಿಗೆ ಬೀಳುತ್ತಿದ್ದವು. ಅದೇ ವರ್ಷ ಕೌಂಟಿ ಸರ್ವೆಯರ್ ಜಾನ್ ಕಾಲ್ಹೂನ್ ಅವರನ್ನು ಸಹಾಯಕರನ್ನಾಗಿ ತೆಗೆದುಕೊಂಡರು. ಲಿಂಕನ್‌ಗೆ ಸರ್ವೆ ಗೊತ್ತಿರಲಿಲ್ಲ. ಪುಸ್ತಕ ತಂದು ಕೂತು ಕಲಿತರು. ಊರಿನ ಶಾಲಾ ಮಾಸ್ತರು ಮೆಂಟರ್ ಗ್ರಹಾಂ ನೆರವಾದರೆಂದು ಅಲ್ಲಿಯವರು ಹೇಳುತ್ತಿದ್ದರು. ಅಂದಿನ ಅಳತೆಯ ಸರಪಳಿ 66 ಅಡಿ. ಅಂಥ ಹತ್ತು ಚದರ ಸರಪಳಿಗೆ ಒಂದು ಎಕರೆ. ಆ ಸರಪಳಿಯ ಅರ್ಧ 33 ಅಡಿ. 33ಕ್ಕೆ 33 ಅಡಿ ಚೌಕವೇ ನಮ್ಮ ಗುಂಟೆ. ಸಾವಿರಾರು ಮೈಲು ದೂರದಲ್ಲಿ ಲಿಂಕನ್ ಅಳೆದ ಎಕರೆ ನಮ್ಮ ಪಹಣಿಯಲ್ಲಿರುವ ಎಕರೆಯೇ. ಗಡಿಯ ಅನಿಶ್ಚಯದಿಂದ ನೆಲ ಕಳೆದುಕೊಂಡವರ ಮಗ ಈಗ ಇತರರ ಗಡಿಗೆ ಗೂಟ ನೆಡುತ್ತಿದ್ದರು.

1834ರಲ್ಲಿ ಶಾಸನಸಭೆಗೆ ಗೆದ್ದರು. ಜಾನ್ ಸ್ಟುವರ್ಟ್ ಎಂಬ ವಕೀಲರಿಂದ ಕಾನೂನು ಪುಸ್ತಕಗಳನ್ನು ಎರವಲು ತಂದು, ಯಾವ ಕಾಲೇಜಿಗೂ ಹೋಗದೆ ಓದಿ, 1836ರಲ್ಲಿ ವಕೀಲಿ ಸನ್ನದು ಪಡೆದರು. ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಹೋಗಿ ಸ್ಟುವರ್ಟ್ ಜೊತೆಯಲ್ಲೇ ಕೆಲಸ ಆರಂಭಿಸಿದರು.

ಆಗ ನ್ಯಾಯಾಧೀಶರೇ ಕೌಂಟಿಯಿಂದ ಕೌಂಟಿಗೆ ಹೋಗಿ ಕೋರ್ಟು ನಡೆಸುತ್ತಿದ್ದರು. ವರ್ಷಕ್ಕೆ ಎರಡು ಬಾರಿ, ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ, ನ್ಯಾಯಾಧೀಶ ಡೇವಿಡ್ ಡೇವಿಸ್ ಜೊತೆ ಲಿಂಕನ್ ಮತ್ತಿತರ ವಕೀಲರು ಕುದುರೆ, ಗಾಡಿಗಳಲ್ಲಿ ಕೆಸರು ದಾರಿ ತುಳಿದು ವಾರಗಟ್ಟಲೆ ತಿರುಗುತ್ತಿದ್ದರು. ಛತ್ರಗಳಲ್ಲಿ ಒಂದೇ ಮಂಚಕ್ಕೆ ಇಬ್ಬರು. ಕೋರ್ಟು ಬಂದ ವಾರ ಆ ಊರಿಗೆ ಜಾತ್ರೆ: ರೈತರು ವ್ಯಾಪಾರಕ್ಕೂ ಬರುತ್ತಿದ್ದರು, ವಾದ ಕೇಳಲೂ ಬರುತ್ತಿದ್ದರು.

ಲಿಂಕನ್ ತಮ್ಮ ವೃತ್ತಿಯಲ್ಲಿ 5000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕೆಲಸ ಮಾಡಿದರು. ಅರ್ಧಕ್ಕಿಂತ ಹೆಚ್ಚು ಸಾಲ ವಸೂಲಿಯವು. ಉಳಿದವು ಜಮೀನಿನ ಹಕ್ಕು, ಪಾಲು ವಿಭಾಗ, ವಿಚ್ಛೇದನ, ಹಂದಿ ಕದ್ದನೆಂದು ಹೆಸರು ಕೆಡಿಸಿದ್ದು, ಇಂಥವು. ಸಾಲಪತ್ರಕ್ಕೆ ಸಹಿ ಹಾಕಿ ಹರಾಜು ಕಂಡ ಲಿಂಕನ್‌ಗೆ ಎರಡೂ ಕಡೆಯವರ ಸಂಕಟ ಗೊತ್ತಿತ್ತು. ಕಕ್ಷಿದಾರರನ್ನು ವ್ಯಾಜ್ಯಕ್ಕೆ ಹುರಿದುಂಬಿಸಬಾರದು, ಆದಷ್ಟೂ ರಾಜಿಗೆ ಒಪ್ಪಿಸಬೇಕು, ಕೇಸು ಗೆದ್ದವನೂ ಖರ್ಚು ಮತ್ತು ಕಾಲದ ಲೆಕ್ಕದಲ್ಲಿ ಸೋತಿರುತ್ತಾನೆ ಎಂಬುದು ಅವರು ಕಿರಿಯ ವಕೀಲರಿಗಾಗಿ ಬರೆದಿಟ್ಟ ಟಿಪ್ಪಣಿಯ ತಿರುಳು. ಎರಡು ಗುಂಟೆ ಬದುವಿಗಾಗಿ ಹಟ ಹಿಡಿದು ಎರಡು ಎಕರೆ ಮಾರಿಕೊಂಡ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ. ಆ ಟಿಪ್ಪಣಿ ನಮ್ಮ ಊರಿಗೆಂದೇ ಬರೆದಂತಿದೆ.

ನ್ಯೂ ಸೇಲಂನ ಋಣವನ್ನು ಅವರು ಮರೆಯಲಿಲ್ಲ. ಅಲ್ಲಿ ಬಡತನದಲ್ಲಿದ್ದಾಗ ಅವರಿಗೆ ಊಟ ಹಾಕಿ, ಹರಿದ ಬಟ್ಟೆ ಹೊಲಿದುಕೊಟ್ಟ ಹ್ಯಾನಾ ಆರ್ಮ್‌ಸ್ಟ್ರಾಂಗ್ ಎಂಬ ತಾಯಿಯ ಮಗ ಕೊಲೆ ಆರೋಪಕ್ಕೆ ಸಿಕ್ಕಿಬಿದ್ದ. 1858ರ ಮೇ ತಿಂಗಳಲ್ಲಿ ಬಿಯರ್ಡ್ಸ್‌ಟೌನ್ ಕೋರ್ಟಿನಲ್ಲಿ ವಿಚಾರಣೆ. ರಾತ್ರಿ ಹನ್ನೊಂದರ ಸುಮಾರಿಗೆ ಬೆಳದಿಂಗಳಲ್ಲಿ ಹೊಡೆದದ್ದನ್ನು ಸ್ಪಷ್ಟವಾಗಿ ಕಂಡೆನೆಂದು ಮುಖ್ಯ ಸಾಕ್ಷಿ ಹೇಳಿದ. ಲಿಂಕನ್ ಪಂಚಾಂಗ ತರಿಸಿ ತೋರಿಸಿದರು: ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ. ಹುಡುಗ ಬಿಡುಗಡೆಯಾದ. ಆ ತಾಯಿಯಿಂದ ಅವರು ಫೀಸು ತೆಗೆದುಕೊಳ್ಳಲಿಲ್ಲ.

ಹೊಗಳಿಕೆಯನ್ನಷ್ಟೇ ಬರೆದರೆ ಮಕ್ಕಳಿಗೆ ಮೋಸ ಮಾಡಿದಂತೆ. 1847ರಲ್ಲಿ ಜೇನ್ ಬ್ರಯಂಟ್ ಎಂಬ ಗುಲಾಮ ಹೆಂಗಸು ತನ್ನ ನಾಲ್ಕು ಮಕ್ಕಳೊಂದಿಗೆ ಸ್ವಾತಂತ್ರ್ಯ ಕೇಳಿದ ಪ್ರಕರಣದಲ್ಲಿ ಲಿಂಕನ್ ವಾದಿಸಿದ್ದು ಒಡೆಯನ ಪರವಾಗಿ. ಕೋರ್ಟು ತಾಯಿ ಮಕ್ಕಳನ್ನು ಬಿಡುಗಡೆ ಮಾಡಿತು, ಲಿಂಕನ್ ಸೋತರು. 1863ರ ಜನವರಿ 1ರಂದು ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ್ದು ಅದೇ ಕೈ. ಮನುಷ್ಯ ದೊಡ್ಡವನಾಗಿ ಹುಟ್ಟುವುದಿಲ್ಲ, ಬೆಳೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1859ರಲ್ಲಿ ಮಿಲ್ವಾಕಿಯಲ್ಲಿ ನಡೆದ ಕೃಷಿ ಮೇಳದಲ್ಲಿ ಲಿಂಕನ್ ರೈತರ ಮುಂದೆ ಮಾತನಾಡಿದರು. ಹೆಚ್ಚು ನೆಲ ಬಾಚಿಕೊಳ್ಳುವುದಕ್ಕಿಂತ ಇದ್ದ ನೆಲವನ್ನು ಚೆನ್ನಾಗಿ ಉತ್ತು ಹೆಚ್ಚು ಬೆಳೆಯಬೇಕು, ದುಡಿಯುವ ಕೈಗೆ ವಿದ್ಯೆಯೂ ಬೇಕು ಎಂಬುದು ಆ ಭಾಷಣದ ಸಾರ. ಅಧ್ಯಕ್ಷರಾದ ಮೇಲೆ ಅಂತರ್ಯುದ್ಧದ ಬೆಂಕಿಯ ನಡುವೆಯೇ, 1862ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಮೂರು ಕಾಯಿದೆಗಳಿಗೆ ಸಹಿ ಹಾಕಿದರು. ಒಂದು, ಕೃಷಿ ಇಲಾಖೆ ಸ್ಥಾಪನೆ. ಎರಡು, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದ ಕುಟುಂಬಕ್ಕೆ ಅಲ್ಪ ಶುಲ್ಕದಲ್ಲಿ 160 ಎಕರೆವರೆಗೆ ಸರ್ಕಾರಿ ಜಮೀನು. ಮೂರು, ರಾಜ್ಯಗಳಲ್ಲಿ ಕೃಷಿ ಮತ್ತು ತಾಂತ್ರಿಕ ಕಾಲೇಜುಗಳಿಗೆ ಭೂದಾನ. ಹಾಗೆ ಹಂಚಿದ ನೆಲ ಹಿಂದೆ ಅಲ್ಲಿನ ಮೂಲನಿವಾಸಿಗಳದ್ದು ಎಂಬ ಕಹಿ ಸತ್ಯವೂ ಇದರ ಜೊತೆಗಿದೆ.

1865ರ ಏಪ್ರಿಲ್ 14ರ ರಾತ್ರಿ ಕೊಲೆಗಾರನ ಗುಂಡಿಗೆ ಸಿಕ್ಕಿದ ಲಿಂಕನ್ ಮರುದಿನ ಬೆಳಿಗ್ಗೆ ಕೊನೆಯುಸಿರೆಳೆದರು. ಆಗ ಅವರಿಗೆ 56 ವರ್ಷ.

ನಮ್ಮ ಶಾಲೆಯಲ್ಲಿ ಕಲಿತ ಮಕ್ಕಳೆಲ್ಲ ಅಧ್ಯಕ್ಷರಾಗುವುದಿಲ್ಲ. ಆದರೆ ಹೆಚ್ಚಿನವರು ಒಂದಲ್ಲ ಒಂದು ದಿನ ಸಾಲಪತ್ರಕ್ಕೆ ಸಹಿ ಹಾಕುತ್ತಾರೆ, ಅಣ್ಣತಮ್ಮಂದಿರ ಪಾಲಿಗೆ ಕೂರುತ್ತಾರೆ, ಸರ್ವೆ ಕಲ್ಲಿನ ಮುಂದೆ ನಿಲ್ಲುತ್ತಾರೆ. ಸಹಿ ಹಾಕುವ ಮೊದಲು ಓದುವುದು, ಹಾಕಿದ ಮೇಲೆ ಮಾತು ಉಳಿಸಿಕೊಳ್ಳುವುದು, ಜಗಳ ಬಂದಾಗ ಮೊದಲು ರಾಜಿಯ ದಾರಿ ನೋಡುವುದು: ಇಷ್ಟನ್ನು ಲಿಂಕನ್ ಬದುಕಿನಿಂದ ಕಲಿತರೆ ಸಾಕು, ನಮ್ಮ ಊರಿನ ಎಷ್ಟೋ ಎಕರೆ ಜಮೀನು ಊರಿನಲ್ಲೇ ಉಳಿಯುತ್ತದೆ.