ಭಾಸ್ಕರಾಚಾರ್ಯರು ಉಳಿಸಿಕೊಟ್ಟ ಹೆಸರು

ವರ್ಗ ಸಮೀಕರಣ ಬಿಡಿಸುವ ಸೂತ್ರಕ್ಕೆ ನಮ್ಮ ಶಾಲೆಗಳಲ್ಲಿ ಬರೀ ‘ಫಾರ್ಮುಲಾ’ ಎನ್ನುತ್ತಿದ್ದೆವು. ನಾನೀಗ ಇರುವ ಅಲಿಪುರದಲ್ಲಿ ಮಕ್ಕಳು ಅದನ್ನು ‘ಶ್ರೀಧರ ಆಚಾರ್ಯರ ಸೂತ್ರ’ ಎನ್ನುತ್ತಾರೆ. ಆ ಹೆಸರು ಉಳಿದದ್ದು ಭಾಸ್ಕರಾಚಾರ್ಯರಿಂದ.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಎಂದು ಅವರೇ ಬರೆದಿದ್ದಾರೆ. ಅದು ವಿಜಯಪುರವೆಂದು ನಮ್ಮವರು, ಖಾನದೇಶದ ಕಡೆಯದೆಂದು ಮಹಾರಾಷ್ಟ್ರದವರು ಹೇಳುತ್ತಾರೆ. ತಂದೆ ಮಹೇಶ್ವರರೇ ಗುರು. 36ನೇ ವಯಸ್ಸಿಗೆ, 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಅದರ ನಾಲ್ಕು ಭಾಗಗಳು.

ಲೀಲಾವತಿ ಅವರ ಮಗಳು, ಮದುವೆಯ ಮುಹೂರ್ತ ತಪ್ಪಿದವಳು ಎಂಬ ಕಥೆ ಎಲ್ಲರಿಗೂ ಗೊತ್ತು. 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ ಆ ಕಥೆ ಬರುತ್ತದೆ. ನನಗೆ ಕಥೆಗಿಂತ ಪುಸ್ತಕವೇ ಇಷ್ಟ. ಅಲ್ಲಿ ಹಲವು ಲೆಕ್ಕಗಳನ್ನು ಕೇಳುವುದು ಒಬ್ಬ ಹುಡುಗಿಯನ್ನು. ಅವಳಿಗೆ ಉತ್ತರ ಬರುತ್ತದೆ ಎಂಬ ನಂಬಿಕೆಯಿಂದಲೇ.

ಅದರಲ್ಲೊಂದು ಬಾಣದ ಲೆಕ್ಕವಿದೆ. ಅರ್ಜುನ ತನ್ನ ಬಾಣಗಳಲ್ಲಿ ಅರ್ಧವನ್ನು ಕರ್ಣನ ಬಾಣ ತಡೆಯಲು ಬಳಸಿದ. ಒಟ್ಟು ಬಾಣಗಳ ವರ್ಗಮೂಲದ ನಾಲ್ಕರಷ್ಟು ಕುದುರೆಗಳಿಗೆ, 6 ಶಲ್ಯನಿಗೆ, 3 ಕೊಡೆ, ಬಾವುಟ, ಬಿಲ್ಲುಗಳಿಗೆ, 1 ಕರ್ಣನ ತಲೆಗೆ. ಒಟ್ಟು ಬಾಣ ಎಷ್ಟು?

ವರ್ಗಮೂಲವನ್ನು ‘ಯಾ’ ಎಂದಿಟ್ಟುಕೊಳ್ಳೋಣ. ಭಾಸ್ಕರರು ಅಜ್ಞಾತ ಸಂಖ್ಯೆಗೆ ಬಳಸಿದ ಅಕ್ಷರವೂ ಅದೇ.

ಯಾ² = ಯಾ²/2 + 4ಯಾ + 10
ಅಂದರೆ, ಯಾ² − 8ಯಾ − 20 = 0

ಅಪವರ್ತಿಸಿದರೆ (ಯಾ − 10)(ಯಾ + 2) = 0. ವರ್ಗಮೂಲ ಋಣಸಂಖ್ಯೆಯಾಗುವಂತಿಲ್ಲ, ಹಾಗಾಗಿ −2 ಬಿಟ್ಟು 10 ಹಿಡಿಯಬೇಕು. ಬಾಣಗಳು 100.

ಎಲ್ಲ ಸಮೀಕರಣವೂ ಇಷ್ಟು ಸುಲಭವಾಗಿ ಒಡೆಯುವುದಿಲ್ಲ. ಅದಕ್ಕೇ ಶ್ರೀಧರರ ದಾರಿ ಬೇಕು: ವರ್ಗಪದದ ಗುಣಕದ ನಾಲ್ಕರಷ್ಟರಿಂದ ಎರಡೂ ಕಡೆ ಗುಣಿಸಿ, ಯಾ ಪದದ ಮೂಲ ಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸಬೇಕು. ಇಲ್ಲಿ 4ಯಾ² − 32ಯಾ = 80; 64 ಕೂಡಿಸಿದರೆ (2ಯಾ − 8)² = 144. ವರ್ಗಮೂಲ ತೆಗೆದರೆ 2ಯಾ − 8 = 12. ಮತ್ತೆ ಯಾ 10ೇ. ನಮ್ಮ ಫಾರ್ಮುಲಾ ಹುಟ್ಟುವುದು ಹೀಗೆ.

ಶ್ರೀಧರರು ಭಾಸ್ಕರರಿಗಿಂತ ಶತಮಾನಗಳಷ್ಟು ಹಿಂದಿನವರು. ಅವರ ಬೀಜಗಣಿತದ ಪುಸ್ತಕ ಕಳೆದುಹೋಗಿದೆ. ಭಾಸ್ಕರರು ಈ ನಿಯಮವನ್ನು ತಮ್ಮದೆಂದು ಬರೆದಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ಆದರೆ ಅವರು ಶ್ರೀಧರರ ಹೆಸರು ಹೇಳಿಯೇ ಅದನ್ನು ಕೊಟ್ಟರು. ಬೇರೆಯವರ ಕೋಡ್ ಬಳಸಿ ಅವರ ಹೆಸರು ಅಳಿಸುವುದು ಎಷ್ಟು ಸುಲಭ ಎಂದು ನಮ್ಮಂಥ ಐಟಿಯವರಿಗೆ ಚೆನ್ನಾಗಿ ಗೊತ್ತು!

69ನೇ ವಯಸ್ಸಿನಲ್ಲಿ, 1183ರಲ್ಲಿ, ಭಾಸ್ಕರರು ‘ಕರಣಕುತೂಹಲ’ ಬರೆದರು. ಅವರ ಗ್ರಂಥಗಳ ಪಾಠಕ್ಕೆಂದೇ ಮೊಮ್ಮಗ ಚಾಂಗದೇವ ಮಠ ಕಟ್ಟಿಸಿದ.

ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರೆ ಬಾಣದ ಲೆಕ್ಕ ಕೊಟ್ಟು ನೋಡಿ. ಬಿಡಿಸಿದ ಮೇಲೆ ಇಬ್ಬರ ಹೆಸರನ್ನೂ ಹೇಳಿ.