ಫಿನಿಯಾಸ್ ಗೇಜ್: ಅಪಘಾತದ ನಂತರದ ಹನ್ನೊಂದೂವರೆ ವರ್ಷ

ಬೈಂದೂರು ದಾಟಿ ಶಿರೂರಿನ ಕಡೆ ಹೋಗುವಾಗ ಒತ್ತಿನೆಣೆಯಲ್ಲಿ ಗುಡ್ಡ ಕಡಿದು ಮಾಡಿದ ಹೆದ್ದಾರಿ ಸಿಗುತ್ತದೆ. ಕುಂದಾಪುರ, ಬ್ರಹ್ಮಾವರ ಕಡೆಯ ನಾವೆಲ್ಲ ಆ ದಾರಿಯಲ್ಲಿ ಹೋದವರೇ. ಗುಡ್ಡದ ಮಧ್ಯೆ ದಾರಿ ಮಾಡೋದು ಎಷ್ಟು ಕಷ್ಟ ಅಂತ ಸಿವಿಲ್ ಬ್ರಾಂಚಿನವರಿಗೆ ಹೇಳಬೇಕಾಗಿಲ್ಲ. ನಾವು ಈ ಸಲ ಬರೆಯುತ್ತಿರುವುದು ಅಂಥದೇ ಕೆಲಸ ಮಾಡುತ್ತಿದ್ದ ಒಬ್ಬ ಮನುಷ್ಯನ ಬಗ್ಗೆ. ಸೈಕಾಲಜಿಯ ಎಷ್ಟೋ ಪುಸ್ತಕಗಳಲ್ಲಿ ಅವನ ಹೆಸರಿದೆ. ಆದರೆ ಹೆಚ್ಚಿನ ಕಡೆ ಅವನ ಕಥೆ ಅರ್ಧಕ್ಕೇ ನಿಂತುಬಿಡುತ್ತದೆ.

ಫಿನಿಯಾಸ್ ಗೇಜ್ ಹುಟ್ಟಿದ್ದು 1823ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. 25 ವರ್ಷಕ್ಕೇ ರೈಲ್ವೆ ಕಾಮಗಾರಿಯಲ್ಲಿ ಫೋರ್‌ಮನ್ ಆಗಿದ್ದ. ಹಳಿ ಹೋಗುವ ಜಾಗದ ಬಂಡೆ ಸಿಡಿಸುವುದು ಅವನ ಗ್ಯಾಂಗಿನ ಕೆಲಸ. ಚುರುಕಿನವ, ಲೆಕ್ಕಾಚಾರ ಗೊತ್ತಿದ್ದವ, ಹಿಡಿದ ಕೆಲಸ ಬಿಡದವ ಅಂತ ಮೇಲಿನವರಿಗೆ ಅವನ ಮೇಲೆ ತುಂಬಾ ನಂಬಿಕೆ ಇತ್ತು. ಮದ್ದು ಜಡಿಯುವ ಕಬ್ಬಿಣದ ಸಲಾಕೆಯನ್ನು ಕಮ್ಮಾರನ ಹತ್ತಿರ ತನಗೆ ಬೇಕಾದ ಹಾಗೆ ಮಾಡಿಸಿಕೊಂಡಿದ್ದ. ಉದ್ದ ಸುಮಾರು 1.1 ಮೀಟರ್, ತೂಕ 6 ಕಿಲೋ, ಒಂದು ತುದಿ ಚೂಪು.

ಆಗ ಬಂಡೆ ಒಡೆಯುತ್ತಿದ್ದದ್ದು ಹೀಗೆ. ಮೊದಲು ಬಂಡೆಯಲ್ಲಿ ತೂತು ಕೊರೆಯಬೇಕು. ಅದಕ್ಕೆ ಸಿಡಿಮದ್ದು ಸುರಿದು ಬತ್ತಿ ಇಡಬೇಕು. ಮೇಲೆ ಹೊಯ್ಗೆ ತುಂಬಿ ಸಲಾಕೆಯಿಂದ ಜಡಿಯಬೇಕು. ಹೊಯ್ಗೆ ಇದ್ದರೆ ಸ್ಫೋಟದ ಶಕ್ತಿ ಮೇಲಕ್ಕೆ ಹೋಗದೆ ಬಂಡೆಯ ಒಳಗೇ ಕೆಲಸ ಮಾಡುತ್ತದೆ. 1848ರ ಸೆಪ್ಟೆಂಬರ್ 13ರ ಸಂಜೆ, ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಊರಿನ ಹತ್ತಿರ, ಗೇಜ್ ಒಂದು ಕ್ಷಣ ಹಿಂದಿದ್ದ ಕೆಲಸಗಾರರ ಕಡೆ ತಿರುಗಿದ. ತೂತಿಗೆ ಹೊಯ್ಗೆ ಬಿದ್ದಿರಲಿಲ್ಲ. ಸಲಾಕೆ ಕಲ್ಲಿಗೆ ತಾಗಿ ಕಿಡಿ ಹಾರಿ ಮದ್ದು ಸಿಡಿಯಿತು. ಸಲಾಕೆ ಎಡಗೆನ್ನೆಯಿಂದ ಒಳಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾದು, ನೆತ್ತಿ ಸೀಳಿಕೊಂಡು ಹೊರಬಂದು ಸುಮಾರು 25 ಮೀಟರ್ ದೂರ ಬಿತ್ತು.

ಆಶ್ಚರ್ಯ ಎಂತ ಅಂದ್ರೆ, ಕೆಲವೇ ನಿಮಿಷದಲ್ಲಿ ಅವ ಮಾತಾಡಿದ. ಎತ್ತಿನಗಾಡಿಯಲ್ಲಿ ನೆಟ್ಟಗೆ ಕೂತುಕೊಂಡೇ ಊರಿಗೆ ಬಂದ. ಅಲ್ಲಿ ಅವನನ್ನು ನೋಡಿಕೊಂಡದ್ದು ಜಾನ್ ಹಾರ್ಲೋ ಎಂಬ ಯುವ ಡಾಕ್ಟರ್. ಆ್ಯಂಟಿಬಯೋಟಿಕ್ ಇಲ್ಲದ ಕಾಲ. ಗಾಯಕ್ಕೆ ಸೋಂಕಾಗಿ, ಕೀವು ತುಂಬಿ, ಮನೆಯವರು ಆಸೆ ಬಿಟ್ಟಿದ್ದರು. ಹಾರ್ಲೋ ಕೀವು ತೆಗೆದು ಉಳಿಸಿದರು. ಎಡಗಣ್ಣಿನ ದೃಷ್ಟಿ ಹೋಯಿತು. ಹತ್ತು ವಾರ ಆಗುವಾಗ ಗೇಜ್ ಮನೆಗೆ ಮರಳಿದ್ದ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಹಳೆ ಕೆಲಸ ಕೇಳಲು ಹೋದರೆ ಕಂಪನಿಯವರು ತೆಗೆದುಕೊಳ್ಳಲಿಲ್ಲ. ಹಾರ್ಲೋ ಬರೆದಿಟ್ಟ ಪ್ರಕಾರ ಅವನ ಸ್ವಭಾವವೇ ಬದಲಾಗಿತ್ತು. ತಾಳ್ಮೆ ಇಲ್ಲ, ಬಾಯಲ್ಲಿ ಕೆಟ್ಟ ಮಾತು, ಇವತ್ತು ಒಂದು ಪ್ಲಾನ್, ನಾಳೆ ಅದನ್ನು ಬಿಟ್ಟು ಇನ್ನೊಂದು. ಇವ ನಮ್ಮ ಹಳೆಯ ಗೇಜ್ ಅಲ್ಲ ಎಂದು ಗೆಳೆಯರಿಗೇ ಅನ್ನಿಸಿತ್ತು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಹೀಗಾಗಬಹುದು ಅಂತ ಈಗ ಗೊತ್ತು. ಸಿಟ್ಟು ತಡೆಯೋದು, ಮುಂದಿನದನ್ನು ಯೋಚಿಸೋದು, ಎದುರಿನವರ ಮನಸ್ಸು ನೋಡಿ ಮಾತಾಡೋದು, ಇದಕ್ಕೆಲ್ಲ ಆ ಭಾಗ ಬೇಕು. ಆ ಕಾಲದ ಡಾಕ್ಟರುಗಳಿಗೆ ಇದನ್ನು ಒಪ್ಪುವುದು ಸುಲಭ ಇರಲಿಲ್ಲ. ನಡೆದಾಡುತ್ತಾನೆ, ಮಾತಾಡುತ್ತಾನೆ, ಇನ್ನೆಂತ ತೊಂದರೆ ಅನ್ನುವ ಲೆಕ್ಕ.

ಈ ಲೆಕ್ಕ ನಮ್ಮಲ್ಲಿ ಇನ್ನೂ ಹೋಗಿಲ್ಲ ಮಾರಾಯ್ರೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವ, ತೆಂಗಿನ ಮರದಿಂದ ಬಿದ್ದವ, ದೋಣಿಯಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡವ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ. ಹೊಲಿಗೆ ಬಿಚ್ಚಿದ ಮೇಲೆ ಎಲ್ಲರೂ ಗುಣ ಆಯ್ತು ಅಂದುಕೊಳ್ಳುತ್ತಾರೆ. ಮತ್ತೆ ಸಣ್ಣ ಮಾತಿಗೂ ಸಿಟ್ಟು, ಮರೆವು, ನಿದ್ರೆ ಇಲ್ಲ, ಯಾರ ಹತ್ತಿರವೂ ಮಾತು ಬೇಡ, ಸುಮ್ಮನೆ ಅಳು. ಕೆಲವರು ಸೊಕ್ಕು ಅನ್ನುತ್ತಾರೆ, ಕೆಲವರು ಸೋಮಾರಿತನ ಅನ್ನುತ್ತಾರೆ. ದೈವಕ್ಕೆ ಹರಕೆ ಹೇಳಿಕೊಳ್ಳುವುದು ನಮ್ಮ ನಂಬಿಕೆ, ಅದಿರಲಿ. ಅದರ ಜತೆ ಡಾಕ್ಟರಿಗೂ ತೋರಿಸಲೇಬೇಕು. ಯಾಕಂದ್ರೆ ಇದು ಗಾಯದ್ದೇ ಭಾಗ, ಗುಣದ ದೋಷ ಅಲ್ಲ. ಔಷಧಿ, ಕೌನ್ಸೆಲಿಂಗ್, ಅಭ್ಯಾಸ ಮಾಡಿಸುವ ಚಿಕಿತ್ಸೆ ಎಲ್ಲ ಇದೆ.

ಇನ್ನು ಗೇಜ್ ಕಥೆಯ ಉಳಿದರ್ಧ. ಕೆಲಸ ಹೋದ ಮೇಲೆ ಅವ ಸ್ವಲ್ಪ ಕಾಲ ನ್ಯೂಯಾರ್ಕಿನ ಬಾರ್ನಮ್ ಮ್ಯೂಸಿಯಂನಲ್ಲಿ ತನ್ನ ಸಲಾಕೆ ಹಿಡಿದು ಜನರೆದುರು ನಿಂತ. ನಂತರ ಕುದುರೆ ಲಾಯದಲ್ಲಿ ಸುಮಾರು ಒಂದೂವರೆ ವರ್ಷ ದುಡಿದ. 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿಗೆ ಹೋಗಿ ವಾಲ್ಪರೈಸೊದಲ್ಲಿ ಕುದುರೆಗಾಡಿ ಚಾಲಕನಾದ. ಅಲ್ಲಿ ಏಳು ವರ್ಷದ ಹತ್ತಿರ ಇದ್ದ. ಇದು ಸುಲಭದ ಕೆಲಸ ಅಲ್ಲ. ಬೆಳಿಗ್ಗೆ ಬೇಗ ಏಳಬೇಕು, ಕುದುರೆಗಳನ್ನು ನೋಡಿಕೊಳ್ಳಬೇಕು, ಪ್ರಯಾಣಿಕರ ಹತ್ತಿರ ಸರಿಯಾಗಿ ಇರಬೇಕು, ಗೊತ್ತಿಲ್ಲದ ಭಾಷೆಯ ಊರಲ್ಲಿ ದಾರಿ ನೋಡಿ ಓಡಿಸಬೇಕು. ತಾಳ್ಮೆ ಪೂರ್ತಿ ಹೋದವನಿಂದ ಇದೆಲ್ಲ ಆಗುತ್ತಿತ್ತಾ?

ಗೇಜ್ ಬಗ್ಗೆ ದೊಡ್ಡ ಪುಸ್ತಕ ಬರೆದ ಸಂಶೋಧಕ ಮಾಲ್ಕಮ್ ಮ್ಯಾಕ್‌ಮಿಲನ್ ಹೇಳುವುದೂ ಇದನ್ನೇ. ಅಪಘಾತದ ನಂತರದ ಮೊದಲ ವರ್ಷಗಳ ಬದಲಾವಣೆ ನಿಜ, ಆದರೆ ಮುಂದೆ ಅವ ಬಹಳಷ್ಟು ಸುಧಾರಿಸಿರಬೇಕು. ದಿನಾ ಒಂದೇ ಕ್ರಮದ ಕೆಲಸ, ಜವಾಬ್ದಾರಿ, ಕೆಲಸ ಕೊಟ್ಟ ಜನ, ಇವು ಅವನಿಗೆ ಆಸರೆಯಾಗಿರಬಹುದು. ಪಠ್ಯಪುಸ್ತಕಗಳು ಹೇಳುವ ಕುಡುಕ, ಅಲೆಮಾರಿ ಗೇಜ್ ಹೆಚ್ಚಾಗಿ ನಂತರದವರು ಕಟ್ಟಿದ್ದು.

1859ರಲ್ಲಿ ಆರೋಗ್ಯ ಕೆಟ್ಟು ಅವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಅಮ್ಮನ ಹತ್ತಿರ ಬಂದ. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಮತ್ತೆ ಹೊಲದ ಕೆಲಸಕ್ಕೆ ಹೊರಟ. 1860ರ ಫೆಬ್ರವರಿಯಲ್ಲಿ ಅಪಸ್ಮಾರದ ಫಿಟ್ಸ್ ಶುರುವಾಯಿತು. ತಲೆಗೆ ಬಿದ್ದ ಪೆಟ್ಟು ವರ್ಷಗಟ್ಟಲೆ ಕಳೆದ ಮೇಲೂ ಹೀಗೆ ಕಾಡಬಹುದು. ಮೇ 21ರಂದು ಗೇಜ್ ತೀರಿಕೊಂಡ. ಆಗ ಅವನಿಗೆ 36 ವರ್ಷ. ಮುಂದೆ ಹಾರ್ಲೋ ಕೇಳಿಕೊಂಡದ್ದಕ್ಕೆ ಮನೆಯವರು ಒಪ್ಪಿ ತಲೆಬುರುಡೆಯನ್ನೂ ಸಲಾಕೆಯನ್ನೂ ಕೊಟ್ಟರು. ಅವೆರಡೂ ಈಗ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. 2009ರಲ್ಲಿ ಅವನ ಹಳೆಯ ಫೋಟೋ ಒಂದು ಬೆಳಕಿಗೆ ಬಂತು. ಒಂದು ಕಣ್ಣು ಮುಚ್ಚಿದೆ, ಒಳ್ಳೆ ಕೋಟು ಹಾಕಿದ್ದಾನೆ, ಕೈಯಲ್ಲಿ ಅದೇ ಸಲಾಕೆ. ನೋಡಿದರೆ ಸೋತವನ ಮುಖ ಅನ್ನಿಸುವುದಿಲ್ಲ.

ಹಾಗಾಗಿ ನಮ್ಮ ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ, ಮನೆಯ ಅಕ್ಕಪಕ್ಕದಲ್ಲಿ ತಲೆಗೆ ಪೆಟ್ಟಾಗಿ ಬಂದವರು ಇದ್ದರೆ ಮೊದಲಿನ ಹಾಗೆ ಇಲ್ಲ ಅಂತ ದೂರ ಮಾಡೋದು ಬೇಡ. ಅವರಿಗೆ ಸ್ವಲ್ಪ ಜಾಸ್ತಿ ಸಮಯ ಕೊಡುವ. ನೋಟ್ಸ್ ಕೊಡುವ, ಒಟ್ಟಿಗೆ ಊಟಕ್ಕೆ ಕರೆಯುವ, ಡಾಕ್ಟರ ಹತ್ತಿರ ಹೋಗಲು ಜತೆಗೆ ಬಸ್ಸು ಹತ್ತುವ. ಮನಸ್ಸಿಗೆ ಕಷ್ಟ ಆದಾಗ 14416ಕ್ಕೆ ಕರೆ ಮಾಡಬಹುದು. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಕುಂದಾಪುರಕ್ಕೆ ಹತ್ತೇ ನಿಮಿಷ ಅಂತ ಹೊರಟರೂ ಹೆಲ್ಮೆಟ್ ಹಾಕಿ, ಬೆಲ್ಟನ್ನೂ ಬಿಗಿಯಿರಿ.