ಹಿಮದ ಬಾಗಿಲನ್ನು ತೆರೆದ ಸೇನಾನಿ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಪಶ್ಚಿಮಕ್ಕೆ ಸಾಗುವ ಹೆದ್ದಾರಿ ಕೊಡಗಿನ ಮಡಿಕೇರಿಯನ್ನು ಸೇರುತ್ತದೆ. ಆ ಊರಿನಲ್ಲಿ 1906ರ ಮಾರ್ಚ್ ತಿಂಗಳಲ್ಲಿ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಜನಿಸಿದರು. ಮಳೆಯನ್ನೂ ಮಂಜನ್ನೂ ಬಲ್ಲ, ಆದರೆ ಹಿಮವನ್ನು ಕಾಣದ ನಾಡು ಅದು. ಅಲ್ಲಿ ಹುಟ್ಟಿದ ಬಾಲಕನು ಮುಂದೆ ಹಿಮಾಲಯದ ಘೋರ ಚಳಿಯಲ್ಲಿ ಸೈನ್ಯವನ್ನು ನಡೆಸುವನೆಂದು ಅಂದು ಯಾರು ತಾನೆ ಊಹಿಸಿದ್ದರು?

ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ರಣರಂಗದಲ್ಲಿ ಬ್ರಿಗೇಡೊಂದರ ನಾಯಕತ್ವ ವಹಿಸಿ ಕೀರ್ತಿ ಗಳಿಸಿದರು. ಅವರ ಸಾಮರ್ಥ್ಯಕ್ಕೆ ಕಠಿಣ ಪರೀಕ್ಷೆ ಒದಗಿದುದು 1948ರ ಕಾಶ್ಮೀರ ಯುದ್ಧದಲ್ಲಿ.

ಆ ವರ್ಷ ಶತ್ರುಗಳು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯನ್ನು ಆಕ್ರಮಿಸಿ, ಶ್ರೀನಗರದಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ ದಾರಿಯನ್ನು ಮುಚ್ಚಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು. ಚಳಿಗಾಲ ಸಮೀಪಿಸುತ್ತಿತ್ತು. ಹಿಮ ಬಿದ್ದು ಕಣಿವೆ ಮುಚ್ಚುವ ಮೊದಲೇ ಅದನ್ನು ಗೆಲ್ಲದಿದ್ದರೆ, ಮುಂದಿನ ಬೇಸಗೆಯವರೆಗೆ ಲೇಹ್‌ಗೆ ನೆಲದ ಮೇಲಿನ ನೆರವು ತಲುಪುವಂತಿರಲಿಲ್ಲ.

ಅಂಥ ಎತ್ತರದಲ್ಲಿ ಚಳಿಗಿಂತ ಗಾಳಿಯೇ ಹೆಚ್ಚು ಕ್ರೂರ. ಮೈಗೆ ಅಂಟಿಕೊಂಡಿರುವ ಬೆಚ್ಚನೆಯ ವಾಯುವಿನ ಪದರವನ್ನು ಅದು ಕ್ಷಣಕ್ಷಣಕ್ಕೂ ಕಿತ್ತೊಯ್ಯುತ್ತದೆ. ಹೃದಯ, ಶ್ವಾಸಕೋಶಗಳ ಬಿಸಿಯನ್ನು ಉಳಿಸಿಕೊಳ್ಳಲು ದೇಹವು ಬೆರಳುಗಳಿಗೆ ಹರಿಯುವ ರಕ್ತವನ್ನು ಕಡಮೆ ಮಾಡುತ್ತದೆ. ಬೆರಳುಗಳು ಮರಗಟ್ಟುತ್ತವೆ, ಎಚ್ಚರ ತಪ್ಪಿದರೆ ಅವು ಸತ್ತೇ ಹೋಗುತ್ತವೆ. ಮೊಂಡು ಧೈರ್ಯದಿಂದ ಇದನ್ನು ಗೆಲ್ಲಲಾಗದು; ಸಿದ್ಧತೆ ಬೇಕು, ತಾಳ್ಮೆ ಬೇಕು.

ತಿಮ್ಮಯ್ಯನವರು ಈ ಎರಡನ್ನೂ ನೆಚ್ಚಿದರು. ಅಷ್ಟು ಎತ್ತರದಲ್ಲಿ ಯಾವ ಸೈನ್ಯವೂ ಬಳಸದಿದ್ದ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ ತರಿಸಲು ನಿಶ್ಚಯಿಸಿದರು. ಶತ್ರುವಿಗೆ ಸುಳಿವು ಸಿಗದಂತೆ ಫಿರಂಗಿ ಗೋಪುರಗಳನ್ನು ಕಳಚಿ ಅವುಗಳನ್ನು ಸಾಗಿಸಲಾಯಿತು. ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ಮದರಾಸು ಸ್ಯಾಪರ್ಸ್ ಪಡೆಯವರು ಕೊರೆಯುವ ಚಳಿಯಲ್ಲಿ ಬಂಡೆಗಳನ್ನು ಒಡೆದು ದಾರಿಯನ್ನು ಅಗಲಗೊಳಿಸಿದರು. ಅಕ್ಟೋಬರಿನಲ್ಲಿ ಹವೆ ಕೆಟ್ಟಿತು. ತಿಮ್ಮಯ್ಯನವರು ಆತುರಪಡದೆ ದಾಳಿಯನ್ನು ಮುಂದಕ್ಕೆ ಹಾಕಿ ಕಾದರು.

ನವೆಂಬರ್ 1ರಂದು ಟ್ಯಾಂಕುಗಳು ಹೊರಟವು. ಸೇನಾಪತಿಯಾದ ತಾವು ಹಿಂದೆ ಉಳಿಯದೆ ಮುಂಚೂಣಿಯ ಟ್ಯಾಂಕಿನಲ್ಲಿಯೇ ಸಾಗಿದರು. ಶತ್ರುಗಳು ಬೆರಗಾಗಿ ಹಿಮ್ಮೆಟ್ಟಿದರು, ಕಣಿವೆ ತೆರೆಯಿತು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್‌ಗಳೂ ಕೈವಶವಾದವು. ಈ ಜಯ ಸುಲಭದ್ದಾಗಿರಲಿಲ್ಲ: ಅನೇಕ ಯೋಧರು ಚಳಿಗೆ ಸಿಲುಕಿ ನರಳಿದರು.

ಮುಂದೆ ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ, 1965ರ ಡಿಸೆಂಬರ್ 18ರಂದು ನಿಧನರಾದರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕಾಯಬೇಕಾದಾಗ ಕಾದು, ನಡೆಯಬೇಕಾದಾಗ ಎಲ್ಲರಿಗಿಂತ ಮುಂದೆ ನಡೆದ ಸೇನಾನಿಯ ನೆನಪನ್ನು ಅದು ಕಾಪಾಡಿಕೊಂಡು ಬಂದಿದೆ.